ಮಡುವಿನ ನೀರುನಾಯಿ

ನನ್ನ ಮಾತು ನಂಬದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣಾ ದಂಡೆಯ ಮೇಲೆ ನನ್ನ ತವರುಮನೆ. ಒಂದು ಶುಕ್ರವಾರ ಆಚೆ ದಂಡೆಯ ಮದುವೆ ಮುಗಿಸಿ ತೆಪ್ಪದಲ್ಲಿ ಬರುವಾಗ ಮಡುವಿನ ಬಂಡೆಯ ಮೇಲೆ ನೀರುನಾಯಿ ಕಂಡೆ. ಉಳಿದವರು ತಿರುಗುವುದರೊಳಗೆ ಅದು ಮುಳುಗಿತ್ತು. ಊರ ನಾಯಿ ಈಜುವುದನ್ನು ನೋಡಿ ಬಂದಿದ್ದಾಳೆ ಎಂದು ಅಣ್ಣ ನಕ್ಕ. ಆ ಮಾತು ರಾಯಚೂರಿನ ತನಕ ಹೋಯಿತು. ಅಲ್ಲಿ ನನ್ನ ಗಂಡ ತಮ್ಮ ಅಕ್ಕಿ ಮಿಲ್ಲಿಗೆ ಬಂದವರಿಗೆಲ್ಲ ಚಹಾದ ಜೊತೆ ಅದನ್ನೂ ಬಡಿಸಿದರು. ನಾನೋ ಶಾಲೆಯಲ್ಲಿ ವಿಜ್ಞಾನ ಹೇಳುವವಳು. ಸುಳ್ಳುಬುರುಕಿ ಅನ್ನಿಸಿಕೊಂಡು ಹೇಗೆ ಸುಮ್ಮನಿರಲಿ?

ಅಲ್ಲಿಂದ ಪ್ರತಿ ಬೇಸಿಗೆ ರಜೆಗೂ ದುರ್ಬೀನು ಹಿಡಿದು ತವರಿಗೆ ಓಡಿದೆ. ಮೊಸಳೆ ಇರುವ ಹೊಳೆ, ಅವ್ವ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಜೊತೆಗೆ ಬರಲು ಅಣ್ಣನಿಗೆ ಬಿಡುವು ಸೋಮವಾರ ಮಾತ್ರ. ಅದು ಬಸವಣ್ಣನ ವಾರ, ಅಂದು ನಮ್ಮಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಾಗಾಗಿ ಸೋಮವಾರ ಬಂತೆಂದರೆ ಹೊಳೆ. ಕೊಕ್ಕರೆ, ಮಿಂಚುಳ್ಳಿ, ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ, ಎಲ್ಲ ಕಂಡವು. ನೀರುನಾಯಿ ಮಾತ್ರ ಇಲ್ಲ. ಹೋದ ಬೇಸಿಗೆಯಲ್ಲಿ ಅಣ್ಣ ಕರಾರು ಹಾಕಿದ: ಈ ಸಲ ಕಾಣದಿದ್ದರೆ ಇನ್ನು ಅದರ ಹೆಸರೇ ಎತ್ತಕೂಡದು. ರೋಷಕ್ಕೆ ಒಪ್ಪಿಬಿಟ್ಟೆ.

ರಜೆಯ ಕೊನೆಯ ಸೋಮವಾರವೂ ಬರಿಗೈ. ಅಲ್ಲೇ ಪಕ್ಕದಲ್ಲಿ ಊರಿನವರು ಎತ್ತುಗಳ ಮೈ ತಿಕ್ಕುತ್ತಿದ್ದರು. ಒಬ್ಬ ಹೋ ಎಂದು ಕೂಗಿ ನೀರಿಗೆ ಬಡಿದ, ಮಿಂಚುಳ್ಳಿ ಬೆದರಿ ಹಾರಿತು. ನಾನು ಹಣೆ ಚಚ್ಚಿಕೊಂಡೆ. ನೊಗವಿಲ್ಲದ ದಿನವೇ ಊರಿನ ಎತ್ತುಗಳೆಲ್ಲ ಹೊಳೆಗಿಳಿಯುತ್ತವೆ! ಹುಟ್ಟಿದಾಗಿನಿಂದ ನೋಡಿದ್ದು, ಅದೊಂದು ಗದ್ದಲ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ.

ಮರುದಿನ ನಸುಕಿನಲ್ಲಿ ಅಣ್ಣನ ಕೈಯಿಂದ ನೊಗ ಕಿತ್ತುಕೊಂಡೆ. ಇವತ್ತು ಹೂಡದಿದ್ದರೆ ಹೊಲವೇನೂ ಓಡಿಹೋಗುವುದಿಲ್ಲ ಎಂದೆ. ಗೊಣಗುತ್ತಲೇ ಬಂದ.

ಮಡು ಸದ್ದಿಲ್ಲದೆ ಇತ್ತು. ಬಿಸಿಲು ಬಂಡೆಗೆ ತಾಗುವಷ್ಟರಲ್ಲಿ ನೀರಿನಿಂದ ಒಂದು ತಲೆ ಎದ್ದಿತು. ಹಿಂದೆಯೇ ಇನ್ನೊಂದು, ಆಮೇಲೆ ಇಡೀ ಸಂಸಾರ! ಅವುಗಳಲ್ಲಿ ದೊಡ್ಡದು ಬಂಡೆ ಹತ್ತಿ ಮೀನನ್ನು ತಲೆಯ ಕಡೆಯಿಂದ ಕಟಕಟ ಕಡಿಯಿತು. ಮರಿಗಳು ಕಿಚಿಕಿಚಿ ಎನ್ನುತ್ತ ಮರಳಲ್ಲಿ ಹೊರಳಾಡಿದವು. ಖುಷಿಗೆ ನನಗೆ ಅಳುವೇ ಬಂತು. ದುರ್ಬೀನು ಅಣ್ಣನ ಕೈಗಿಟ್ಟೆ.

ಬಹಳ ಹೊತ್ತು ನೋಡಿದ. ವಾಪಸು ಬರುವಾಗ ತಾನೇ ಮಿಲ್ಲಿಗೆ ಫೋನು ಹಚ್ಚಿದ. ನೀರುನಾಯಿ ಎಂದೊಡನೆ ನನ್ನ ಗಂಡ ನಗಲು ಶುರುಮಾಡಿದ್ದು ನನಗೂ ಕೇಳಿಸಿತು.

"ನಗಬ್ಯಾಡ್ರಿ," ಎಂದ ಅಣ್ಣ. "ನಾ ಎತ್ತು ಬಿಟ್ಟು ಬಂದು ನೋಡೀನಿ, ನೀವು ಮಿಲ್ಲು ಬಿಟ್ಟು ಬರ್ರಿ. ನನ್ನ ತಂಗಿ ಹೇಳಿದ್ದು ಖರೇ ಅದ."

ಆ ಕಡೆ ನಗು ನಿಂತಿತು. ಹೊಲದ ಬದುವಿನ ಮೇಲೆ ನಿಂತು ನಾನು ಮನಸಾರೆ ನಕ್ಕೆ.