ಸಾಸಿವೆ ಊದುತ್ತಿದ್ದ ವಿಮಲಾ ಮಿಸ್

ವಿಮಲಾ ಮಿಸ್ ಪರಮಾಣುವನ್ನು ಊಟದ ತಟ್ಟೆಯಲ್ಲಿ ಮಾಡುತ್ತಿದ್ದರು. ನಡುವೆ ಹನ್ನೊಂದು ಹುಣಸೆಬೀಜ, ಅಂಚಿನಲ್ಲಿ ಹನ್ನೊಂದು ಸಾಸಿವೆ. ಬೀಜ ಪ್ರೋಟಾನು, ಸಾಸಿವೆ ಎಲೆಕ್ಟ್ರಾನು. ಆಮೇಲೆ ಕನ್ನಡಕ ಹಣೆಗೇರಿಸಿ, ಬಗ್ಗಿ, ಒಂದೇ ಒಂದು ಸಾಸಿವೆಯನ್ನು ಉಫ್ ಎಂದು ಪಕ್ಕದ ತಟ್ಟೆಗೆ ಊದಿಬಿಡುವರು.

ಚಿಕ್ಕಲಸಂದ್ರದ ಅವರ ಮಹಡಿ ಮನೆಗೆ ಹತ್ತನೇ ಕ್ಲಾಸಿನ ಮಗಳನ್ನು ಟ್ಯೂಷನ್ನಿಗೆ ಬಿಟ್ಟು ಬರುವುದಷ್ಟೇ ನನ್ನ ಕೆಲಸ. ಆದರೆ ನಾನೂ ಅಲ್ಲೇ ಕೂತುಬಿಡುತ್ತಿದ್ದೆ. ಮೆಟ್ಟಿಲಿಗೆ ಕಂಬಿ ಇಲ್ಲ, ಮಗಳಿಗೆ ವಿಜ್ಞಾನದಲ್ಲಿ ಮಾರ್ಕ್ಸ್ ಇಲ್ಲ; ನನಗೆ ಹೆದರಲು ಅಷ್ಟು ಸಾಕು.

ಒಮ್ಮೆ ಮಿಸ್ ನನ್ನನ್ನೇ ಕೇಳಿದರು. “ಸಾರ್, ಸೋಡಿಯಂದು ಒಂದು ಎಲೆಕ್ಟ್ರಾನ್ ಹೋಯ್ತು. ಈಗ ಅದು ಪ್ಲಸ್ಸೋ ಮೈನಸ್ಸೋ?”

“ಕಳ್ಕೊಂಡಿದೆಯಲ್ಲ ಮಿಸ್, ಮೈನಸ್ಸು.”

ಹಿಂದಿನ ಚಾಪೆಯಲ್ಲಿ ಕಿಸಕ್ಕೆಂದು ನಗು. ಮಗಳು ತಲೆ ತಗ್ಗಿಸಿದಳು.

“ಹೋಗಿದ್ದೇ ಮೈನಸ್ಸು ಸಾರ್. ಬೀಜ ಹನ್ನೊಂದು, ಸಾಸಿವೆ ಹತ್ತು. ಒಂದು ಪ್ಲಸ್ ಜಾಸ್ತಿ ಉಳೀತು, ಅದೇ ಅಯಾನು. ಪಕ್ಕದ ತಟ್ಟೆ ಕ್ಲೋರಿನ್ನು. ಅದಕ್ಕೊಂದು ಸಾಸಿವೆ ಜಾಸ್ತಿ ಸಿಕ್ತು, ಅದು ಮೈನಸ್ಸು. ಎರಡೂ ಅಂಟ್ಕೊಂಡ್ರೆ ನಿಮ್ಮನೆ ಉಪ್ಪು. ಬೀಜ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಅದು ಸೋಡಿಯಮ್ಮೇ ಅಲ್ಲ.”

ಬೀಜಕ್ಕೆ ಕೈ ಹಾಕಿದವರ ಬೆರಳಿಗೆ ಸ್ಕೇಲಿನ ಏಟು ಖಚಿತ.

ಕಳೆದ ವರ್ಷ ಅವರಿಗೆ ಬಿಪಿ ಬಂತು. “ಡಾಕ್ಟ್ರು ಉಪ್ಪು ಕಡಿಮೆ ಮಾಡಿ ಅಂದ್ರು. ನಾನು ಬಿಟ್ಟೇಬಿಟ್ಟೆ. ಅರ್ಧಂಬರ್ಧ ನನಗಾಗಲ್ಲ,” ಎಂದರು ಹೆಮ್ಮೆಯಿಂದ. ಜೊತೆಗೆ ಮಾತ್ರೆ, ಚೊಂಬುಗಟ್ಟಲೆ ನೀರು. ಎರಡು ಸಲ ಸೀನಿದರೆ ಸ್ಕ್ಯಾನ್ ಮಾಡಿಸಿಕೊಳ್ಳುವ ನಾನು ಅಂದು ಮೆಚ್ಚಿ ತಲೆಯಾಡಿಸಿದೆ.

ಒಂದು ಮಂಗಳವಾರ ಸಂಜೆ ಮಿಸ್ ಸಾಸಿವೆ ಊದಲಿಲ್ಲ. ಹುಣಸೆಬೀಜವನ್ನೇ ಎತ್ತಿ ಪಕ್ಕದ ತಟ್ಟೆಗೆ ಹಾಕಿದರು. ನಮ್ಮನ್ನು ಪರೀಕ್ಷಿಸುತ್ತಿದ್ದಾರೆಂದು ಮಕ್ಕಳು ನಕ್ಕರು.

“ಮಿಸ್, ಅದು ಬೀಜ,” ಎಂದಳು ನನ್ನ ಮಗಳು.

“ಹೌದಾ ಪುಟ್ಟಾ?” ಎನ್ನುತ್ತಾ ಇನ್ನೊಂದು ಎತ್ತಿದರು. ನಗು ನಿಂತಿತು.

ಆಟೋ ಹಿಡಿದು ಮಿಸ್ ಅವರನ್ನು ನರ್ಸಿಂಗ್ ಹೋಮಿಗೆ ಸೇರಿಸಿದೆ. “ರಕ್ತದಲ್ಲಿ ಸೋಡಿಯಂ ತುಂಬಾ ಇಳಿದುಬಿಟ್ಟಿದೆ. ಮೆದುಳಿಗೆ ನೀರು ಸೇರ್ಕೊಂಡಿದೆ. ಒಂದೇ ಸಲ ಏರಿಸೋಕಾಗಲ್ಲ,” ಎಂದರು ಡಾಕ್ಟರು. ರಕ್ತದಲ್ಲಿರುವುದೂ ಅದೇ ಪ್ಲಸ್ ಅಯಾನು, ನರಗಳು ಕೆಲಸ ಮಾಡುವುದಕ್ಕೂ ಅದೇ ಬೇಕು ಎಂದು ನನಗೆ ಗೊತ್ತಾದದ್ದು ಅಲ್ಲಿನ ಬೆಂಚಿನ ಮೇಲೆ.

ಮರುದಿನ ಮಧ್ಯಾಹ್ನ ಒಳಗೆ ಬಿಟ್ಟರು. ಮಿಸ್ ನನ್ನನ್ನು ಬಹಳ ಹೊತ್ತು ನೋಡಿದರು.

“ನೀವು ಯಾರ ಪೇರೆಂಟು ಸಾರ್?”

ಮಗಳ ಹೆಸರು ಹೇಳಿದೆ. ಗುರುತು ಹತ್ತಿದಂತೆ ಕಾಣಲಿಲ್ಲ. ಆದರೂ ಡ್ರಿಪ್ ಹಾಕಿದ್ದ ಕೈಯಿಂದಲೇ ನನ್ನ ಮುಂಗೈ ತಟ್ಟಿದರು.

“ಪಾಸಾಗ್ತಾಳೆ. ಹೆದರ್ಕೋಬೇಡಿ.”

ಹೆದರಬೇಡಿ ಎಂದು ನಾನು ಹೇಳಬೇಕಿತ್ತು. ನಾಳೆ ಹೇಳಿದರಾಯಿತು ಎಂದು ಹೊರಗೆ ಬಂದೆ.

ಆ ನಾಳೆ ಹೋದಾಗ ನರ್ಸು ಆ ಮಂಚಕ್ಕೆ ಒಗೆದ ಬೆಡ್‌ಶೀಟು ಹಾಸುತ್ತಿದ್ದಳು. ಮಿಸ್ ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು.