ಸೊಂಟದ ಅಳತೆ

ಆ ಬೀದಿಯಲ್ಲಿ ಪ್ಯಾಂಟು ಹೊಲಿಸಿದವರೆಲ್ಲ ಅವನನ್ನು ಟೇಪಣ್ಣ ಎಂದೇ ಕರೆಯುತ್ತಿದ್ದರು. ಮಾವನ ಮನೆಗೂ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಹೋದ ಮಹಾನುಭಾವ ಅವನು. ಎದುರಿಗೆ ಬಂದವರ ಮುಖ ಮರೆತಾನು, ಸೊಂಟದ ಸುತ್ತಳತೆ ಮರೆಯುವವನಲ್ಲ. ಗೋಡೆಗೊತ್ತಿದ ಕಟಿಂಗ್ ಮೇಜು, ಬಾಗಿಲ ಬೆಳಕಿಗೆ ಮುಖ ಮಾಡಿದ ಕಾಲಲ್ಲಿ ತುಳಿಯುವ ಮಿಷನ್ನು, ಒಂದು ಇಸ್ತ್ರಿಪೆಟ್ಟಿಗೆ, ಇಷ್ಟೇ ಅವನ ಅಂಗಡಿ.

ಅವನದೇ ಪ್ಯಾಂಟು ಸಡಿಲವಾಗತೊಡಗಿತು. ಬೇರೆಯವನಾಗಿದ್ದರೆ ತನಗೇನೋ ಆಗಿದೆ ಎಂದು ಗಾಬರಿಯಾಗುತ್ತಿದ್ದ. ಇವನು ದರ್ಜಿ, ಬಟ್ಟೆ ಹಿಗ್ಗಿದೆ ಎಂದುಕೊಂಡ. ಹಿಂಬದಿಯ ಹೊಲಿಗೆ ಬಿಚ್ಚಿ, ಅಳತೆ ಗಿಳತೆ ಏನೂ ಇಲ್ಲದೆ ಕಣ್ಣಂದಾಜಿನಲ್ಲೇ ಟೈಟ್ ಮಾಡಿಕೊಂಡ. ಸ್ವಲ್ಪ ದಿನಕ್ಕೆ ಮತ್ತೆ ಜಾರಿತು, ಮತ್ತೆ ಟೈಟ್ ಮಾಡಿದ. ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಾಗಲೂ ಬಟ್ಟೆ ಮಾರಿದವನನ್ನು ಬೈದನೇ ಹೊರತು ಕನ್ನಡಿ ನೋಡಲಿಲ್ಲ. ಹೆಂಡತಿಗಂತೂ ಗಂಡನ ಹೊಟ್ಟೆ ಕರಗಿದ್ದೇ ಸಂಭ್ರಮ. "ಮದುವೆ ಟೈಮಲ್ಲಿ ಹೀಗೇ ಇದ್ರಿ ಕಣ್ರೀ," ಎಂದಳು.

ಬಾಯಾರಿಕೆಗೂ ಅವನ ಬಳಿ ಉತ್ತರವಿತ್ತು, ಇಸ್ತ್ರಿಯ ಶಾಖ. ಚೊಂಬುಗಟ್ಟಲೆ ನೀರು ಕುಡಿದು ಗಳಿಗೆಗೊಮ್ಮೆ ಹಿಂದಿನ ಓಣಿಯ ಶೌಚಾಲಯಕ್ಕೆ ಓಡುತ್ತಿದ್ದ. "ಏನಣ್ಣಾ, ಅಂಗಡೀನೂ ಅಲ್ಲಿಗೇ ಶಿಫ್ಟ್ ಮಾಡ್ಬಿಡು," ಎಂದು ಪಕ್ಕದ ಗಡಿಯಾರ ರಿಪೇರಿಯವನು ಕಾಲೆಳೆದ. ಸೂಜಿಗೆ ದಾರ ಹೋಗದಿದ್ದರೆ ದಾರದ ತಪ್ಪು. ಪಾದಕ್ಕೆ ಜೋಮು ಹಿಡಿದರೆ ಪೆಡಲಿನ ತಪ್ಪು. ಬಂದ ಜೋಮು ಹೋಗಲೇ ಇಲ್ಲ, ಅದೂ ರೂಢಿಯಾಯಿತು. ಬಲಗಾಲ ಹೆಬ್ಬೆರಳ ಕೆಳಗೆ ಬೊಬ್ಬೆ ಒಡೆದು ಹುಣ್ಣಾದಾಗ ಬಟ್ಟೆಚೂರು ಸುತ್ತಿಕೊಂಡು ತುಳಿದ. ಕೇಳಿದರೆ ನಮಗೇ ಮೈ ಉರಿಯುತ್ತದೆ. ಆದರೆ ನೋಯದ ಹುಣ್ಣನ್ನು ಯಾರು ತಾನೇ ಲೆಕ್ಕಕ್ಕಿಡುತ್ತಾರೆ?

ಒಂದು ಮಧ್ಯಾಹ್ನ ಬ್ಯಾಂಕಿನ ಕ್ಯಾಷಿಯರು ಒಂದು ಹೊರೆ ಪ್ಯಾಂಟು ತಂದು ಮೇಜಿನ ಮೇಲೆ ಹಾಕಿದರು.

"ಎಲ್ಲಾ ಟೈಟ್ ಮಾಡ್ಕೊಡಪ್ಪ. ಸಕ್ಕರೆ ಕಾಯಿಲೆಯಂತೆ. ಸಣ್ಣ ಆದೆ ಅಂತ ಖುಷಿಯಾಗಿ ಓಡಾಡ್ಕೊಂಡಿದ್ದೆ ನೋಡು."

"ಬಾಯಾರಿಕೆ ಇತ್ತಾ ಸಾರ್?"

"ಅಯ್ಯೋ, ಕುಡಿದಷ್ಟೂ ಸಾಲ್ದು. ಕುಡಿಯೋದು, ಬಾತ್‌ರೂಮಿಗೆ ಓಡೋದು. ಯಾಕೆ?"

"ಸುಮ್ನೆ ಕೇಳ್ದೆ."

ಕ್ಯಾಷಿಯರರ ಸೊಂಟ ಅಳೆದು ಕಳಿಸಿದ. ಹೆದರಿಕೆಯೂ ಆಗಲಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡ ಹಾಗೆ ಬೀದಿಯ ಗದ್ದಲವೆಲ್ಲ ದೂರ ಸರಿಯಿತು. ಆಮೇಲೆ ಕೊರಳಿನ ಟೇಪು ತೆಗೆದು ಮೊದಲ ಸಲ ತನ್ನ ಸೊಂಟಕ್ಕೇ ಸುತ್ತಿದ. ಬಟ್ಟೆ ಹಿಗ್ಗಿರಲಿಲ್ಲ, ಅವನೇ ಕರಗಿ ಹೋಗಿದ್ದ.

ಮರುದಿನ ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಡಾಕ್ಟರಮ್ಮ ಕಾಲಿನ ಬಟ್ಟೆ ಬಿಚ್ಚಿಸಿದರು. ವಾಸನೆಗೆ ಹೆಂಡತಿ ಮೂಗು ಮುಚ್ಚಿಕೊಂಡಳು, ಮರುಕ್ಷಣ ನಾಚಿ ಕೈ ಇಳಿಸಿದಳು.

"ಇಷ್ಟಾಗೋವರೆಗೂ ನನಗೊಂದು ಮಾತು ಹೇಳ್ಬಾರ್ದಾ?"

"ನೋವಿರ್ಲಿಲ್ಲ ಕಣೆ."

ಡಾಕ್ಟರಮ್ಮ ಔಷಧಿ, ಪಥ್ಯ, ಇಂಜೆಕ್ಷನ್ ಎಂದು ಹೇಳುತ್ತಲೇ ಇದ್ದರು. ಅದೆಲ್ಲ ಬೇರೆ ಯಾರಿಗೋ ಹೇಳಿದಂತೆ ಕೇಳಿಸಿತು. ಅವನು ಕೇಳಿದ್ದು ಒಂದೇ: "ಮಿಷನ್ ತುಳೀಬಹುದಾ ಮೇಡಂ?"

"ಹುಣ್ಣು ಮಾಯೋವರೆಗೂ ಬೇಡ. ಆಮೇಲೂ ಪಾದದಲ್ಲಿ ಸ್ಪರ್ಶ ಉಳಿದಿದ್ರೆ ಮಾತ್ರ. ಇಲ್ಲದಿದ್ರೆ ಇನ್ನೊಂದು ಹುಣ್ಣಾದ್ರೂ ನಿಮಗೆ ಗೊತ್ತಾಗಲ್ಲ, ಕಾಲೇ ಹೋಗುತ್ತೆ. ಕಣ್ಣು ಮುಚ್ಚಿ. ಈ ನೈಲಾನ್ ಎಳೆ ಪಾದಕ್ಕೆ ತಾಗಿದಾಗೆಲ್ಲ ಹೇಳಿ."

ಅವನು ಕಣ್ಣು ಮುಚ್ಚಿದ. ಹೆಂಡತಿಯ ಕೈ ಭುಜದ ಮೇಲಿತ್ತು. ಇಷ್ಟು ಕಾಲ ಮನೆಮಂದಿಯ ಹೊಟ್ಟೆ ತುಂಬಿಸಿದ ಪಾದ ಅದು. ಅದರ ಕಡೆಯಿಂದ ಸುದ್ದಿಯೇ ಇಲ್ಲ. ಫ್ಯಾನು ತಿರುಗುವ ಸದ್ದು ಕೇಳಿಸುತ್ತಿತ್ತು, ಎಲ್ಲೋ ಒಂದು ಸ್ಟೂಲು ಸರಿಯಿತು. ಕಾದ. ಭುಜದ ಮೇಲಿನ ಬೆರಳುಗಳು ಬಿಗಿಯಾದವು. ಈಗ ತಾಗಿರಲೇಬೇಕು ಎನಿಸಿತು. ಆಗ ಮಾತ್ರ ಅವನಿಗೆ ನಿಜವಾಗಿ ಭಯವಾಯಿತು.

"ಹ್ಞೂಂ, ಗೊತ್ತಾಯ್ತು ಮೇಡಂ," ಎಂದ. "ಚೆನ್ನಾಗೇ ಗೊತ್ತಾಯ್ತು."



"ಎಲ್ಲಾ ಬೆರಳೂ ಮುಟ್ಟಿ ಆಯ್ತು ರೀ," ಎಂದಳು ಹೆಂಡತಿ. "ಎಳೆ ಆಗ್ಲೇ ಎತ್ತಿಟ್ರು."