ನಾಲ್ಕು ಹೆಬ್ಬೆಟ್ಟಿನ ಸಾಕ್ಷಿ

ಹೋದ ವಾರ ಪೆನ್ಷನ್ ಕಾಗದಕ್ಕೆ ಸಹಿ ಹಾಕಲು ಹೋದರೆ ಕೈ ನಡುಗಿ ಅಕ್ಷರ ಸೊಟ್ಟಗಾಯಿತು. ಬ್ಯಾಂಕಿನ ಹುಡುಗಿ ಮರ್ಯಾದೆಯಿಂದಲೇ ಮಸಿ ಪ್ಯಾಡನ್ನು ಮುಂದಿಟ್ಟಳು. ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿದವಳು ಹೆಬ್ಬೆಟ್ಟು ಒತ್ತಿದೆ. ಬೇಸರವೇನೂ ಆಗಲಿಲ್ಲ. ಆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಚಾಮರಾಜನಗರದ ತಾಲ್ಲೂಕು ಕಚೇರಿಯ ಮುಂದಿನ ಬೇವಿನ ಮರ, ಅದರ ಕೆಳಗೆ ಚಾಪೆ ಹಾಸಿ ಕೂರುತ್ತಿದ್ದ ನಮ್ಮ ಅರ್ಜಿ ತಾತ...

ಸ್ವಂತ ತಾತನಲ್ಲ, ಪಕ್ಕದ ಮನೆಯವರು. ರೈತರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಕಣ್ಣಿಗೆ ಪೊರೆ ಬಂದಮೇಲೆ ಬರೆಯುವುದು ಹೇಗೋ ನಡೆಯುತ್ತಿತ್ತು, ಹಳೆಯ ಪತ್ರಗಳನ್ನು ಓದಲು ಮಾತ್ರ ಆಗುತ್ತಿರಲಿಲ್ಲ. ರಜೆಯಲ್ಲಿ ನಾನು ಓದಿ ಹೇಳುತ್ತಿದ್ದೆ. ಆ ಕೂಡಿಸಿ ಬರೆದ ಅಕ್ಷರ ಮೊದಮೊದಲು ಒಂದೂ ಅರ್ಥವಾಗುತ್ತಿರಲಿಲ್ಲ. ತಾತ ಬೈದು ಬೈದು ಕಲಿಸಿದರು. ನನಗೆ ಚರಿತ್ರೆಯ ಹುಚ್ಚು ಹಿಡಿದದ್ದು ಅಲ್ಲಿಯೇ, ಯಾವ ಶಾಲೆಯಲ್ಲೂ ಅಲ್ಲ.

ಐವತ್ತರ ದಶಕದ ಮಾತು. ಇಂಟರ್‌ಮೀಡಿಯೆಟ್ ಮುಗಿಸಿ, ಬಿ.ಎ.ಗೆ ಚರಿತ್ರೆಯೇ ಬೇಕೆಂದು ಹಟ ಹಿಡಿದೆ. ಮೈಸೂರಿನ ಕಾಲೇಜಿನ ನಿಯಮದ ಪ್ರಕಾರ ಇಂಟರ್‌ಮೀಡಿಯೆಟ್ಟಿನಲ್ಲೂ ಚರಿತ್ರೆ ಓದಿರಬೇಕಿತ್ತು. ನಾನು ಓದಿರಲಿಲ್ಲ. ಎರಡು ವರ್ಷದ ಹಿಂದೆ ಸೇರಿಸಲು ಬಂದ ದೊಡ್ಡಪ್ಪ ನನ್ನನ್ನು ಒಂದು ಮಾತೂ ಕೇಳದೆ ತರ್ಕಶಾಸ್ತ್ರ, ಅರ್ಥಶಾಸ್ತ್ರ ಎಂದು ಬರೆಸಿಬಿಟ್ಟಿದ್ದರು. ಅಪ್ಪ ಖಡಾಖಂಡಿತವಾಗಿ ಹೇಳಿದರು: ಒಂದು ಸಲ ಹೋಗಿ ಕೇಳು, ಆಗದಿದ್ದರೆ ಗುಂಡ್ಲುಪೇಟೆಯ ಶಾಲೆಯಲ್ಲಿ ಟೀಚರ್ ಕೆಲಸ ಕಾದಿದೆ, ಸೇರಿಕೋ.

ಕಾಲೇಜಿನ ಇಂಗ್ಲಿಷ್ ಪುಸ್ತಿಕೆಯನ್ನು ತಾತನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಜಮೀನಿನ ಪತ್ರ ಕೇಳುವ ಹಾಗೆಯೇ ಕಣ್ಣು ಮುಚ್ಚಿ ಕೇಳಿದರು. ಆ ನಿಯಮ ಬಂದಾಗ ನನ್ನ ದನಿ ಇಳಿದು, ಓದುವುದು ನಿಂತಿತು. ಅವರು ಬಿಡಲಿಲ್ಲ, ಮುಂದಿನದನ್ನೂ ಓದು ಎಂದರು. ಅಧ್ಯಾಪಕರಿಗೆ ಒಪ್ಪಿಗೆಯಾದರೆ ಬೇರೆ ವಿಷಯ ಓದಿದವರನ್ನೂ ತೆಗೆದುಕೊಳ್ಳಬಹುದು ಎಂದಿತ್ತು.

“ಸಾಕು ಬುಡು ಕಣಮ್ಮಿ, ದಾರಿ ಅದೆ. ನಿಂಗೆ ಹಳೇ ಕಾಗ್ದ ಓದಕ್ ಬತ್ತದೆ ಅನ್ನಕ್ಕೆ ಸಾಕ್ಷಿ ತೋರುಸ್ಬೇಕು, ಅಷ್ಟೆಯ.”

ಸಾಕ್ಷಿ ಎಂದರೆ ಅವರ ಕಸುಬಿನಲ್ಲಿ ಒಂದೇ ಬಗೆಯದು, ಹೆಬ್ಬೆಟ್ಟಿನದು. ಆ ಬೇಸಿಗೆಯಲ್ಲಿ ಉಡಿಗಾಲದ ಎರಡು ದಾಯಾದಿ ಮನೆಗಳ ಎಲ್ಲೆಜಗಳದ ಪಾಲುಪತ್ರವನ್ನು ನಾನೇ ಓದಿದ್ದೆ. ಎಲ್ಲೆಯ ಗುರುತಾಗಿದ್ದ ಹುಣಸೆಮರ ಎಂದೋ ಬಿದ್ದುಹೋಗಿತ್ತು. ಅದು ಬಾವಿಯಿಂದ ಎಷ್ಟು ಮಾರು ದೂರವಿತ್ತೆಂಬುದು ಪತ್ರದ ಅಂಚಿನಲ್ಲಿತ್ತು. ಅಳೆದು ನೋಡಿದರು, ಜಗಳ ಮುಗಿಯಿತು. ತಾತ ಎರಡೂ ಮನೆಯಿಂದ ಇಬ್ಬಿಬ್ಬರನ್ನು ಕರೆಸಿ, ಈಕೆ ಓದಿದ್ದು ಸರಿಯಾಗಿದೆ, ನಾವು ಒಪ್ಪಿದ್ದೇವೆ ಎಂದು ಬರೆದ ಹಾಳೆಗೆ ನಾಲ್ವರ ಎಡಗೈ ಹೆಬ್ಬೆಟ್ಟು ಒತ್ತಿಸಿದರು. ಕಾಲೇಜು ಸೇರಲಿಕ್ಕೂ ಸಾಕ್ಷಿ ಕೇಳುತ್ತಾರೆಯೇ ಎಂದು ಒಬ್ಬರಿಗೆ ನಿಜಕ್ಕೂ ಗಾಬರಿಯಾಯಿತು. ತಾತ ಬರೆದ ಅರ್ಜಿಯಂತೂ ‘ಮಹಾಸ್ವಾಮಿಯವರ ಸನ್ನಿಧಾನಕ್ಕೆ’ ಎಂದು ಶುರುವಾಗಿ ‘ಲಗತ್ತು: ಎರಡು’ ಎಂದು ಮುಗಿದಿತ್ತು. ಒಂದು ನನ್ನ ಅಂಕಪಟ್ಟಿ, ಇನ್ನೊಂದು ಈ ಹಾಳೆ.

ಮಾರನೆಯ ದಿನ ರೈಲು ನಂಜನಗೂಡು ದಾಟುವ ಹೊತ್ತಿಗೆ ನನಗೆ ನಾಚಿಕೆ ಶುರುವಾಯಿತು. ಇಂಗ್ಲಿಷ್ ಮಾತಾಡುವ ಅಧ್ಯಾಪಕರ ಮುಂದೆ ಹೆಬ್ಬೆಟ್ಟಿನ ಕಾಗದ ಹಿಡಿದು ನಿಲ್ಲುವುದೆಂದರೆ... ಹಾಳೆಯನ್ನು ಅರ್ಜಿಯಿಂದ ಬಿಡಿಸಿ ಚೀಲದ ತಳಕ್ಕೆ ತುರುಕಿದೆ. ಹೈಕೋರ್ಟಿನಲ್ಲಿ ಕೇಸು ಗೆದ್ದವಳ ಹಾಗೆ ಕಾಲೇಜಿನ ಮೆಟ್ಟಿಲು ಹತ್ತಿದೆ.

ಅಧ್ಯಾಪಕರು ಅಂಕಪಟ್ಟಿ ನೋಡಿದವರೇ ಆಗುವುದಿಲ್ಲ ಎಂದರು. ಅರ್ಜಿಯನ್ನು ಹಿಂದಿರುಗಿಸಲು ಕೈ ಚಾಚಿದವರು, ಕೊನೆಯ ಸಾಲಿನ ಮೇಲೆ ಕಣ್ಣು ಹೋಗಿ ನಿಂತರು.

“ಲಗತ್ತು ಎರಡು ಅಂತ ಬರೆದಿದೆ. ಇನ್ನೊಂದೆಲ್ಲಿ?”

ಚೀಲದ ತಳದಿಂದ ಮುದುರಿದ ಹಾಳೆ ತೆಗೆದುಕೊಟ್ಟೆ. ಓದುತ್ತ ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, ಜಗಳವಾಡಿದ ಎರಡೂ ಕಡೆಯವರು ಒಂದೇ ಹಾಳೆಗೆ ಒತ್ತಿದ್ದಾರೆಯೇ ಎಂದು ಕೇಳಿದರು. ಹೌದು ಎಂದೆ. ಬೀರುವಿನಿಂದ ಹಳೆಯ ಕಾಗದವೊಂದನ್ನು ತೆಗೆದು ಓದಲು ಹೇಳಿದರು. ತಾತನ ಹತ್ತಿರ ಪಳಗಿದ ನನಗೆ ಅದು ಯಾವ ಲೆಕ್ಕ? ಒಂದೇ ಉಸಿರಿಗೆ ಓದಿದೆ. ಅರ್ಜಿಯ ಮೇಲೆ ಅವರ ಸಹಿ ಬಿತ್ತು.

ಊರಿಗೆ ಬಂದಾಗ ತಾತ ಸೀಟಿನ ವಿಷಯ ಕೇಳಲೇ ಇಲ್ಲ, ಅದು ಸಿಕ್ಕೇ ಸಿಗುತ್ತದೆಂದು ಅವರಿಗೆ ಗೊತ್ತಿತ್ತು. “ಸಾಕ್ಷಿ ಕಾಗ್ದವ ನೋಡುದ್ರಾ ಅವ್ರು?” ಎಂದರು. ಮೊದಲು ಅದನ್ನೇ ತೆಗೆದುಕೊಟ್ಟೆ ತಾತ, ಎಂದೆ. ನಂಬಿದರು. ಚಾಪೆಯ ಹತ್ತಿರ ಬಂದವರಿಗೆಲ್ಲ ಅದನ್ನೇ ಹೇಳಿಕೊಂಡು ಹಿಗ್ಗಿದರು. ನನ್ನ ಎರಡನೆಯ ವರ್ಷದ ಪರೀಕ್ಷೆಯ ಹೊತ್ತಿಗೆ ತೀರಿಕೊಂಡರು, ಹೋಗಲಾಗಲಿಲ್ಲ...

ದಾಖಲೆ ನಾಚಿಕೆ ತಂದರೂ ಬಚ್ಚಿಡಬೇಡಿ ಎಂದು ಎಷ್ಟೋ ವರ್ಷ ತರಗತಿಯಲ್ಲಿ ಗದರಿದ್ದೇನೆ. ಹಾಗೆ ಬಚ್ಚಿಟ್ಟವಳು ನಾನೇ ಎಂದು ಒಂದು ದಿನವೂ ಹೇಳಲಿಲ್ಲ. ಮಕ್ಕಳಿಗೆ ಹೇಳದಿದ್ದರೆ ಹೋಗಲಿ, ತಾತನಿಗೆ ಹೇಳಬೇಕಿತ್ತು. ಹೇಳಿದ್ದರೆ ಚೆನ್ನಾಗಿ ಬೈದು, ಮುಂದಿನ ಕಾಗದ ತೆಗೆ ಎನ್ನುತ್ತಿದ್ದರು. ಆ ಬೈಗುಳ ನನಗೆ ಬೇಕಿತ್ತು.